ದೀಪದ ಹೊತ್ತಿನ ರೇಡಿಯೋ

ಸೊಲ್ಲಾಪುರದಲ್ಲಿ ಹಗಲು ಹೊತ್ತು ರೇಡಿಯೋ ಹಚ್ಚಿದರೆ ಸೊಲ್ಲಾಪುರವೇ ಕೇಳಿಸುತ್ತದೆ. ಮರಾಠಿ ಭಾವಗೀತೆ, ಪೇಟೆಯ ಧಾರಣೆ, ದಾಳಿಂಬೆಗೆ ಹೊಡೆಯುವ ಔಷಧದ ಮಾತು. ಆದರೆ ಹೊತ್ತು ವಾಲಿ, ಹಳೆಯ ಗಿರಣಿಯ ಚಿಮಣಿಯ ನೆರಳು ಓಣಿಯ ಮೇಲೆ ಉದ್ದಕ್ಕೆ ಮಲಗಿತೆಂದರೆ ದೂರದ ದನಿಗಳು ಒಂದೊಂದಾಗಿ ಹತ್ತಿರ ಬರತೊಡಗುತ್ತವೆ. ಗಡಿಯಾಚೆಯ ಕನ್ನಡ ಸ್ಟೇಷನ್ನು ಮೊದಲು ಯಾರೋ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ಆಮೇಲೆ ಹಿಂದಿನ ಓಣಿಯಲ್ಲಿ ಮಾತಾಡಿದ ಹಾಗೆ. ಕೊನೆಗೆ ಅಡುಗೆಮನೆಗೇ ಬಂದು ಕಾಲು ಚಾಚಿ ಕೂತುಬಿಡುತ್ತದೆ. ಇದು ಯಾಕೆ ಹೀಗೆ ಎಂದು ಕಮಳಾಬಾಯಿಗೆ ಗೊತ್ತಿರಲಿಲ್ಲ. ಸಂಜೆಯಾದರೆ ಮೇಯಲು ಹೋದ ಎಮ್ಮೆ ಮನೆಗೆ ಬರುವುದಿಲ್ಲವೇ, ದನಿಗಳೂ ಹಾಗೇ ಬರುತ್ತವೆ ಎಂದುಕೊಂಡಿದ್ದಳು.

ಅವಳು ಇರುವುದು ಶಾಂತಲಿಂಗಪ್ಪ ಶೇಠರ ಮನೆಯಲ್ಲಿ, ಕಾರು ನಿಲ್ಲಿಸುವ ಪಾರ್ಕಿಂಗಿನ ಮೇಲಿನ ತಗಡು ಹೊದಿಸಿದ ಎರಡು ಖೋಲಿಗಳಲ್ಲಿ. ನವಿ ಪೇಠೆಯಲ್ಲಿ ಶೇಠರದು ಚಾದರ ಮತ್ತು ಟವೆಲ್ಲಿನ ಅಂಗಡಿ. ಆ ಟವೆಲ್ಲುಗಳಿಗೆ ಅಂಚು ಹೊಲಿಯುವವಳು ಕಮಳಾಬಾಯಿ. ಗಂಡ ಹುಲೆಪ್ಪ ಎಸ್.ಟಿ. ಡೆಪೋದಲ್ಲಿ ಬಸ್ಸುಗಳ ಗಾಲಿ ಬಿಚ್ಚಿ ಕೂಡಿಸುವ ಕೆಲಸದವನು, ಊರು ನಾಗಣಸೂರ. ಹಿರಿಯ ಮಗಳು ಕಾಜಲಳನ್ನು ಬಾರ್ಶಿಗೆ ಕೊಟ್ಟಿದ್ದಾರೆ. ಕಿರಿಯವಳು ಪಿಂಕಿ ಕಾಲೇಜಿಗೆ ಹೋಗುತ್ತಾಳೆ, ಕನ್ನಡವನ್ನು ಮಾತಾಡುತ್ತಾಳೆ, ಓದುವುದಿಲ್ಲ. ಬಸ್ಸಿನ ಬೋರ್ಡಿನ ಮೇಲೆ ಕನ್ನಡ ಅಕ್ಷರ ಕಂಡರೆ 'ಜಿಲೇಬಿ ಬಂತು' ಅನ್ನುತ್ತಾಳೆ.

ಹೊಲಿಗೆ ಯಂತ್ರದ ಬಲಗಡೆ, ದಾರದ ಡಬ್ಬಿಯ ಮೇಲೆ, ಬ್ಯಾಟರಿಯ ಆ ಸಣ್ಣ ರೇಡಿಯೋ. ಟವೆಲ್ಲು ಸೂಜಿಯ ಕೆಳಗೆ ಹರಿಯುತ್ತಿರುತ್ತದೆ, ಬಿಳಿಯದು, ತಿಳಿನೀಲಿಯದು, ಮುಗಿಯದ ಹೊಳೆಯ ಹಾಗೆ. ಆ ಹೊಳೆಯ ಮೇಲೆ ಸಂಜೆಯ ದನಿಗಳು ತೇಲಿ ಬರುತ್ತವೆ. ಇಷ್ಟು ವರ್ಷ ಹೀಗೇ ನಡೆದಿತ್ತು.

ಈ ದೀಪಾವಳಿ ಪಾಡ್ಯಕ್ಕೆ ಶೇಠರ ಮಗ ಅಮೋಲ ಪಾರ್ಕಿಂಗನ್ನು ಹೊಸದು ಮಾಡಿಸಿದ. ಹಳೆಯ ಕಬ್ಬಿಣದ ಗೇಟು ತೆಗೆಸಿ ರಿಮೋಟಿನಿಂದ ಏರುವ ಶಟರು ಹಾಕಿಸಿದ. ಛತ್ತಿನ ಉದ್ದಕ್ಕೂ ಎಲ್‌ಇಡಿ ಪಟ್ಟಿಗಳು. ಅವು ಹತ್ತಿದ ಮೊದಲ ಸಂಜೆ ಓಣಿಯ ಮಂದಿ ಬಂದು ನೋಡಿದರು.

"ಶೇಠ್‌ರ, ಮಂಗಲ ಕಾರ್ಯಾಲಯ ಮಾಡೀರೇನು?" ಎಂದು ಹುಲೆಪ್ಪ ಕೇಳಿದ. "ಲಗ್ನಾ ಯಾರದರಿ?"

"ಗಾಡೀದು," ಎಂದರು ಶಾಂತಲಿಂಗಪ್ಪ, ಸುಖದಿಂದ. "ಸೂಜಿ ಬಿದ್ರೂ ಕಾಣತದ ನೋಡು."

ಆ ಮನೆಯಲ್ಲಿ ಸಂಜೆಯ ದೀಪದ್ದು ಒಂದು ಕಟ್ಟುನಿಟ್ಟು. ಶೇಠರ ಹೆಂಡತಿ ಉಮಾಬಾಯಿ ದೇವರ ಮುಂದೆ ಎಣ್ಣೆಯ ಸಮೆ ದೀಪ ಹಚ್ಚಿ ಕೈಮುಗಿದ ಕೂಡಲೇ ಮನೆಯ ಎಲ್ಲ ದೀಪ ಹತ್ತಬೇಕು; ಹಿತ್ತಲ ಬಾಗಿಲು ಮುಚ್ಚಬೇಕು; ಮುಂದಿನ ಬಾಗಿಲು ತೆರೆಯಬೇಕು. ಲಕ್ಷ್ಮಿ ಬರುವ ಹೊತ್ತು ಅದು. ಆ ಹೊತ್ತಿನಲ್ಲಿ ಹತ್ತಿದ ದೀಪವನ್ನು ಯಾರೂ ಆರಿಸುವಂತಿಲ್ಲ, ಯಾರೂ ಮಲಗಿರುವಂತಿಲ್ಲ, ಯಾರಿಗೂ ಮೊಸರು ಕೊಡುವಂತಿಲ್ಲ. ಈಗ ಮುಂದಿನ ಬಾಗಿಲೆಂದರೆ ಶಟರೇ ಆಗಿತ್ತು. ಶೇಠರು ಅಂಗಡಿಯಿಂದ ಬೇಗ ಬಂದು, ಧೋತರ ಉಟ್ಟು, ಕೈಯಲ್ಲಿ ರಿಮೋಟು ಹಿಡಿದು ಪಾರ್ಕಿಂಗಿನಲ್ಲಿ ನಿಲ್ಲುತ್ತಿದ್ದರು. ಒಳಗೆ ಗಂಟೆ ಬಾರಿಸಿತೆಂದರೆ ಮೊದಲು ದೀಪದ ಬಟನ್ನು ಒತ್ತುವರು, ಎರಡೂ ಕೈ ಜೋಡಿಸುವರು, ಆಮೇಲೆ ರಿಮೋಟು ಒತ್ತುವರು.

ಶಟರು ಅಲುಗಾಡುತ್ತಿರಲಿಲ್ಲ.

"ಲಕ್ಷ್ಮೀ ಬರೋ ಹೊತ್ತಿನಾಗ ಬಾಗಲಾ ಮುಚ್ಚಿ ನಿಂತೀರಲ್ರಿ?" ಎಂದು ಒಳಗಿನಿಂದ ಉಮಾಬಾಯಿ.

"ನಾ ಎಲ್ಲಿ ಮುಚ್ಚೀನಿ? ಅದ ತೆರೀವಲ್ದು!"

"ಸೊಂಟದ ಹತ್ರ ಹಿಡೀಬ್ಯಾಡ್ರಿ, ಮ್ಯಾಲೆ ಎತ್ತಿ ಹಿಡೀರಿ."

"ಅದಕ್ಕ ಆರತಿ ಬೆಳಗಲೇನು?"

ಕೊನೆಗೆ ಹುಲೆಪ್ಪ ಮನೆಯಲ್ಲಿದ್ದರೆ ಅವನು ಇಳಿದು ಬಂದು ಕಬ್ಬಿಣದ ಹ್ಯಾಂಡಲ್ಲು ಸಿಕ್ಕಿಸಿ, ಬಾವಿಯಿಂದ ನೀರು ಸೇದಿದ ಹಾಗೆ ತಿರುವಿ ತಿರುವಿ ಶಟರು ಏರಿಸುತ್ತಿದ್ದ. ಅಷ್ಟರಲ್ಲಿ ಲಕ್ಷ್ಮಿ ನಾಲ್ಕು ಮನೆ ದಾಟಿ ಹೋಗಿರುತ್ತಾಳೆಂದು ಉಮಾಬಾಯಿಯ ಲೆಕ್ಕ.

ಶಟರಿನ ಶೈಲೇಶನನ್ನು ಕರೆಸಿದರು. ಅವನು ಬಂದದ್ದು ನಡುಹಗಲಲ್ಲಿ. ರಿಮೋಟು ಒತ್ತಿದ, ಶಟರು ಎದ್ದಿತು. ಮತ್ತೆ ಒತ್ತಿದ, ಇಳಿಯಿತು. ರಸ್ತೆಯ ಆಚೆ ಹೋಗಿ ಒತ್ತಿದ, ಅಲ್ಲಿಂದಲೂ ಎದ್ದಿತು.

"ಶೇಠ, ಏಕದಮ್ ಓಕೆ ಅದ. ನಿಮ್ಮ ಬೊಟ್ಟಿಗೇ ಏನೋ ಆಗ್ಯಾದ," ಎಂದು ನಕ್ಕು, ಚಹಾ ಕುಡಿದು ಹೋದ.

ಸಂಜೆ ಮತ್ತೆ ಅದೇ. ಇದು ಯಂತ್ರದ ಮಾತಲ್ಲ ಎಂದು ಉಮಾಬಾಯಿಗೆ ಗಟ್ಟಿಯಾಯಿತು. ಹಗಲೆಲ್ಲ ತೆರೆಯುವ ಬಾಗಿಲು ಲಕ್ಷ್ಮಿ ಬರುವ ಹೊತ್ತಿಗೆ ಮಾತ್ರ ತೆರೆಯುವುದಿಲ್ಲವೆಂದರೆ ದೇವರಿಗೆ ಯಾವುದೋ ಸಿಟ್ಟಿರಬೇಕು.

ಮೇಲಿನ ಖೋಲಿಯಲ್ಲಿ ಕಮಳಾಬಾಯಿಗೂ ಅದೇ ಹೊತ್ತಿಗೆ ಒಂದು ಕಳವಳ ಶುರುವಾಗಿತ್ತು. ಹೊತ್ತು ಇಳಿದಾಗ ಕನ್ನಡ ಸ್ಟೇಷನ್ನು ಎಂದಿನ ಹಾಗೆ ಹೊರಡುತ್ತಿತ್ತು. ಬಾವಿಯೊಳಗಿಂದ ಒಂದೆರಡು ಮಾತು ಕೇಳಿಸುತ್ತಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಒಂದು 'ಸುಂಯ್' ಎದ್ದು ಅದನ್ನು ನುಂಗಿಬಿಡುತ್ತಿತ್ತು. ಹುರಿಯುವ ಎಣ್ಣೆಯ ಸದ್ದಿನ ಹಾಗೆ, ದೂರದ ಮಳೆಯ ಹಾಗೆ. ಕಿಟಕಿಗೆ ಇಟ್ಟು ನೋಡಿದಳು, ಅನ್ನದ ಡಬ್ಬಿಯ ಮೇಲೆ ಇಟ್ಟು ನೋಡಿದಳು. ಹುಲೆಪ್ಪ ಅದನ್ನು ಡೆಪೋ ಹತ್ತಿರದ ರಿಪೇರಿಯವನಿಗೆ ಒಯ್ದು ತೋರಿಸಿದ. ಅಲ್ಲಿ ಅದು ಹಾಡಿತು, ನಕ್ಕಿತು, ಕೀರ್ತನ ಹೇಳಿತು.

"ಪೇಟಿಗಿ ಒಯ್ದರ ಛಲೋ ಇರತೈತಿ, ಮನಿಗಿ ತಂದರ ಮುಖಾ ಉಬ್ಬಸತೈತಿ," ಎಂದ ಹುಲೆಪ್ಪ. "ನಿನ್ನ ಹೊಟ್ಟೀಲೆ ಹುಟ್ಟಿದ ಪಿಂಕಿ ಇದ್ದಂಗ."

ಕಮಳಾಬಾಯಿ ಒಳಗೊಳಗೇ ಬೇರೆ ಏನೋ ತಿಳಿದಿದ್ದಳು. ಸ್ಟೇಷನ್ನೇ ದೂರ ದೂರ ಹೋಗುತ್ತಿದೆ. ಯಾರೋ ಮುನಿಸಿಕೊಂಡು ಬೆನ್ನು ತಿರುಗಿಸಿ ನಡೆದ ಹಾಗೆ. ಮುನಿಸಿನ ವಿಚಾರ ಅವಳಿಗೆ ಬೇಗ ಹೊಳೆಯುತ್ತಿತ್ತು, ಯಾಕೆಂದರೆ ಅಕ್ಕಲಕೋಟದಲ್ಲಿರುವ ಅವಳ ಅಕ್ಕ ನೀಲಗಂಗಾ ಕಾಜಲಳ ಮದುವೆಯಿಂದ ಈಚೆಗೆ ಅವಳೊಡನೆ ಮಾತು ಬಿಟ್ಟಿದ್ದಳು.

ಒಂದು ಗುರುವಾರ ಉಮಾಬಾಯಿ ಅಕ್ಕಲಕೋಟಕ್ಕೆ ಹೊರಟರು. ಗುಡಿಯಲ್ಲಿ ಸ್ವಾಮಿಗಳ ದರ್ಶನ ಮಾಡಿ ಶಟರಿನದೊಂದು ಮಾತು ಅವರ ಕಿವಿಗೆ ಹಾಕಿ ಬರುವುದೆಂದು. "ಕಮಳಾ, ಜೊತೀಗೆ ಬಾ. ಬಸ್ಸಿನಾಗ ನನಗ ಒಬ್ಬಾಕೀಗೆ ಬೇಜಾರ ಬರತದ," ಎಂದರು. ದಾರಿಯುದ್ದಕ್ಕೂ ತಾವೇ ಮಾತಾಡಿದರು.

ಆಲದ ಮರದ ಕೆಳಗೆ ಜನ ನಿಂತಿತ್ತು, ನೆರಳು ನಿಂತಿತ್ತು, ಕರ್ಪೂರದ ಹೊಗೆ ಎಲೆಗಳ ನಡುವೆ ದಾರಿ ಮರೆತು ನಿಂತಿತ್ತು. ಉಮಾಬಾಯಿ ತೆಂಗಿನಕಾಯಿ ಹಿಡಿದು ಸಾಲಿಗೆ ಹೋದರು. ಕಮಳಾಬಾಯಿ ಹೊರಗೆ ಚಪ್ಪಲಿ ಕಾಯುತ್ತ ನಿಂತಳು.

"ಏ ಕಮಳವ್ವಾ! ಸೊಲ್ಲಾಪುರದಾಕಿ ಆಗಿ ನಮ್ಮ ಗುರ್ತಾ ಬಿಟ್ಟೇನವಾ?"

ಬಂಡೆಪ್ಪ. ನಾಗಣಸೂರದವನು, ಅವಳ ಚಿಕ್ಕವ್ವನ ಮಗ. ಗುಡಿಯ ಮುಂದೆ ಹುರಿಗಡಲೆಯ ಫುಟಾಣಿ, ಬತ್ತಾಸು ಮಾರುತ್ತಾನೆ.

"ಗುರ್ತಾ ಬಿಟ್ರ ನಿನ್ನ ಮೆತ್ತನ್ನ ಫುಟಾಣಿ ಯಾರ ತಿಂತಾರೋ ಬಂಡೆಪ್ಪಣ್ಣಾ?"

"ಮೆತ್ತಗಾದ್ರೂ ದೇವರ ಮುಂದಿನವು. ತಿನ್ನು. ಸುದ್ದಿ ಗೊತ್ತೈತೇನು? ನೀಲವ್ವ ರೇಡಿಯೋದಾಗ ಹಾಡ್ಯಾಳ!"

ಕಮಳಾಬಾಯಿಯ ಕೈಯಲ್ಲಿ ಫುಟಾಣಿ ಹಾಗೇ ನಿಂತಿತು.

"ಕನ್ನಡ ಸ್ಟೇಷನ್ನಿನವರು ಗಾಡಿ ತಗೊಂಡು ಮನೀಗೇ ಬಂದಿದ್ರು. ನಿಮ್ಮವ್ವನ ಬೀಸೋ ಕಲ್ಲು ಐತಲ್ಲ, ಅದನ್ನ ನಡುಮನ್ಯಾಗ ಇಡಿಸಿ, ಕಲ್ಲಿಗೊಂದು ಮೈಕು, ಬಾಯಿಗೊಂದು ಮೈಕು. ಈ ಶನಿವಾರ ಸಂಜೀಕ, ಸುದ್ದಿ ಓದೋದು ಮುಗದ ಮ್ಯಾಲೆ ಬರತೈತಿ. ಒಮ್ಮೆ ಹಚ್ತಾರಂತ ಅಷ್ಟ."

"ಎದರಿಗೆ ಯಾರು ಕುಂತಿದ್ರು?"

"ಎದರಿಗೆ ಅಂದ್ರ?"

"ಕಲ್ಲಿನ ಎದರಿಗೋ ಮಾರಾಯಾ. ಮೂರನೇ ಸಾಲು ಯಾರು ಎತ್ತಿದ್ರು?"

"ನನಗೇನ ಗೊತ್ತವಾ? ಬಾಗಲಾ ಹಾಕ್ಕೊಂಡಿದ್ರು. ಕೋಳಿ ಕೂಗಬಾರದಂತ, ನಾಯಿ ಬೊಗಳಬಾರದಂತ. ನನ್ನಂತೂ ಮೊದಲ ಹೊರಗ ಹಾಕಿದ್ರು."

ಮೂರನೆಯ ಸಾಲಿನ ಮಾತು ಹೀಗೆ. ಆ ಕಡೆಯ ಬೀಸುವ ಪದಕ್ಕೆ ಮೂರು ಸಾಲು, ಕಲ್ಲಿಗೆ ಇಬ್ಬರು ಹೆಣ್ಣುಮಕ್ಕಳು. ಎದುರು ಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿ ತಿರುವುತ್ತಾರೆ. ಒಬ್ಬಳು ಎರಡು ಸಾಲು ಹೇಳಿ ಉಸಿರು ಬಿಡುತ್ತಾಳೆ. ಮೂರನೆಯದನ್ನು ಎದುರಿನವಳು ಎತ್ತಿ ಮುಗಿಸಿ ಕೊಡಬೇಕು. ಯಾರಿಗೆ ಮೂರನೆಯ ಸಾಲು ಕೊಡುತ್ತೀಯೋ ಅವಳು ನಿನ್ನ ಜೋಡಿ. ನೀಲಗಂಗಾ ಮತ್ತು ಕಮಳಾ ಲಂಗ ಉಡುವ ವಯಸ್ಸಿನಿಂದ ಆ ಕಲ್ಲಿಗೆ ಜೋಡಿ. ಮದುವೆಯಾದ ಮೇಲೂ, ಯಾರ ಮನೆಯಲ್ಲಿ ಶುಭಕಾರ್ಯವಾದರೂ, ಅರಿಷಿಣ ಬೀಸಲು ಅವರಿಬ್ಬರೇ ಕೂಡುತ್ತಿದ್ದರು.

ಕಾಜಲಳ ಮದುವೆಗೂ ಹಾಗೇ ಕೂತರು. ಕಲ್ಲಿಗೆ ಹಸಿರು ಬಳೆ ಕಟ್ಟಿ, ಅರಿಷಿಣದ ಕೊಂಬು ಹಾಕಿ, ನೀಲಗಂಗಾ ಎರಡು ಸಾಲು ಹೇಳಿದಳು. ಅದೇ ಹೊತ್ತಿಗೆ ಬಾರ್ಶಿಯ ಬೀಗಿತಿಯರು ಬಾಗಿಲಲ್ಲಿ ಬಂದು ನಿಂತರು. ಮರಾಠಿ ಮಂದಿ, ಜರಿ ಸೀರೆ, ಕಿವಿಗೆ ಬುಗುಡಿ. ಕಮಳಾಬಾಯಿ ಸಾಲು ಎತ್ತಲಿಲ್ಲ. ಎದ್ದು 'ಯಾ ಯಾ, ಬಸಾ' ಎಂದು ಮರಾಠಿಯಲ್ಲಿ ಬರಮಾಡಿಕೊಳ್ಳುತ್ತ ಅವರ ಕಡೆ ಹೋದಳು. ನೀಲಗಂಗೆಯ ಎರಡು ಸಾಲು ಗಾಳಿಯಲ್ಲೇ ಉಳಿದವು. ಅವಳು ಗೂಟ ಬಿಟ್ಟು, ಕೈಯ ಅರಿಷಿಣ ಸೆರಗಿಗೆ ಒರಸಿಕೊಂಡು, ಅಕ್ಷತೆಗೂ ನಿಲ್ಲದೆ ಅಕ್ಕಲಕೋಟದ ಬಸ್ಸು ಹತ್ತಿದಳು. 'ಪದಾ ಅರ್ಧಕ್ಕ ಬಿಟ್ಟಾಳ' ಎಂದು ಅವಳು. 'ಮಗಳಿಗಿ ಅಕ್ಷತಾ ಹಾಕದ ಹೋಗ್ಯಾಳ' ಎಂದು ಇವಳು. ಯಾರು ಮೊದಲು ಮಾತಾಡಬೇಕೆಂಬುದು ಹಾಗೇ ಉಳಿಯಿತು.

ಈಗ ಆ ಕಲ್ಲಿನ ಎದುರು ಯಾರು ಕೂತರು? ನೀಲಕ್ಕನ ನೆಗೆಣ್ಣಿಯೇ? ಅವಳ ದನಿಯೂ ಒಳ್ಳೆಯದೇ. ಒಮ್ಮೆ ರೇಡಿಯೋದಲ್ಲಿ, ಎರಡು ರಾಜ್ಯ ಕೇಳುವ ಹಾಗೆ, ಬೇರೊಬ್ಬಳು ಮೂರನೆಯ ಸಾಲು ಎತ್ತಿದಳೆಂದರೆ ಆ ಜಾಗ ಅವಳದೇ ಆಯಿತು. ಆಮೇಲೆ ಯಾವ ಮುಖ ಇಟ್ಟುಕೊಂಡು ಹೋಗಿ ಕೂಡುವುದು?

ನೀಲಗಂಗೆಯ ಮನೆ ಅಲ್ಲಿಂದ ಹತ್ತಿರವೇ. ಕಮಳಾಬಾಯಿ ಓಣಿಯ ಬಾಯಿಯವರೆಗೆ ನಡೆದುಹೋದಳು. ಹಗ್ಗದ ಮೇಲೆ ಅಕ್ಕನ ಇಳಕಲ್ ಸೀರೆ ಒಣಗುತ್ತಿತ್ತು. ಗಾಳಿಗೆ ಅದು ತುಂಬಿಕೊಳ್ಳುತ್ತಿತ್ತು, ಒಳಗೆ ಯಾರೋ ನಿಂತ ಹಾಗೆ, ಮತ್ತೆ ಬರಿದಾಗುತ್ತಿತ್ತು. ಹೋಗಿ ಕೇಳಬಹುದಿತ್ತು. ಕೇಳಿದರೆ ನೀಲಕ್ಕ ಏನನ್ನುತ್ತಾಳೆಂದು ಅವಳಿಗೆ ಗೊತ್ತಿತ್ತು: 'ಯಾಕ, ನಿಮ್ಮ ಮನ್ಯಾಗ ರೇಡಿಯೋ ಇಲ್ಲೇನು?'

ಬಸ್ಸಿನಲ್ಲಿ ಉಮಾಬಾಯಿ ಪ್ರಸಾದದ ಪೊಟ್ಟಣ ಮಡಿಲಲ್ಲಿಟ್ಟು ನಿದ್ದೆ ಹೋದರು. ಕಮಳಾಬಾಯಿಗೆ ಜೊಂಪು ಹತ್ತಿತು. ಬಿಳಿಜೋಳದ ಹೊಲಗಳ ನಡುವೆ ಬೀಸುವ ಕಲ್ಲೊಂದು ತಿರುಗುತ್ತಿತ್ತು, ಹೊಲದಷ್ಟೇ ದೊಡ್ಡದು. ಅದರ ಗೂಟವೇ ಗಿರಣಿಯ ಚಿಮಣಿ. ಕಲ್ಲಿನ ಅಂಚಿನಿಂದ ಹಿಟ್ಟು ಬೀಳುತ್ತಿರಲಿಲ್ಲ, ಟವೆಲ್ಲು ಇಳಿದು ಬರುತ್ತಿತ್ತು. ಆಚೆ ಬದಿಗೆ ಯಾರೋ ಕೂತಿದ್ದರು. ಮುಖ ನೋಡಬೇಕೆಂದು ಅವಳು ಬಗ್ಗಿದಷ್ಟೂ ಕಲ್ಲು ಅಗಲವಾಗುತ್ತ ಹೋಯಿತು.

ಪಿಂಕಿ ಮೊಬೈಲಿನಲ್ಲಿ ಹುಡುಕಿದಳು. "ಆಯಿ, ಆ ಸ್ಟೇಷನ್ ಇದರಾಗ ಬರಂಗಿಲ್ಲ. ಬಾಕಿ ಸಗಳೇ ಅದಾವ, ಅದೊಂದ ನಾಹಿ."

"ಇರಲಿ ಬಿಡು. ನಾ ರೇಡಿಯೋ ಹಿಡಕೊಂಡು ಹೊರಗ ಮೈದಾನಕ್ಕ ಹೋಗತೀನಿ. ನಮ್ಮ ಮನಿ ತಗಡಿಂದೇ ಏನೋ ತ್ರಾಸ ಇರಬೇಕು."

ಶನಿವಾರ. ಹುಲೆಪ್ಪನಿಗೆ ಎರಡನೆಯ ಪಾಳಿ, ಅಮೋಲ ಅಂಗಡಿಯಲ್ಲಿ. ಕಮಳಾಬಾಯಿ ಕೈಯಲ್ಲಿದ್ದ ಟವೆಲ್ಲಿನ ಅಂಚು ಮುಗಿಸಿ ಏಳುವಷ್ಟರಲ್ಲಿ ಕೆಳಗೆ ಗಂಟೆ ಬಾರಿಸಿತು. ರೇಡಿಯೋದಲ್ಲಿ ಸುದ್ದಿ ಶುರುವಾಗಿತ್ತು, ಬಾವಿಯೊಳಗಿನಿಂದ. ಕೂಡಲೇ 'ಸುಂಯ್' ಎದ್ದಿತು. ಅವಳು ಅದನ್ನು ಎದೆಗೆ ಅವಚಿಕೊಂಡು ಮೆಟ್ಟಿಲಿಳಿದಳು, ಹಿಂದೆ ಪಿಂಕಿ. ಆ ಮೆಟ್ಟಿಲು ಇಳಿಯುವುದು ಪಾರ್ಕಿಂಗಿನ ಒಳಕ್ಕೆ. ಅಲ್ಲಿಂದ ಹೊರಗೆ ಹೋಗಲು ಶಟರೊಂದೇ ದಾರಿ.

ಶಟರು ಮುಚ್ಚಿತ್ತು. ಬೆಳಕಿನ ಪಟ್ಟಿಗಳು ಹಾಲಿನ ಹಾಗೆ ಸುರಿಯುತ್ತಿದ್ದವು. ಆ ಬೆಳಕಿನಲ್ಲಿ ಶಾಂತಲಿಂಗಪ್ಪ ಶೇಠರು ಒಂಟಿಯಾಗಿ, ಧೋತರದಲ್ಲಿ, ಕೈ ಮುಂದೆ ಚಾಚಿ ರಿಮೋಟು ಒತ್ತುತ್ತ ನಿಂತಿದ್ದರು, ದೊಡ್ಡ ಆನೆಗೆ ಬಾಳೆಹಣ್ಣು ಹಿಡಿದವರ ಹಾಗೆ.

"ಶೇಠ್‌ರ, ಜರಾ ಬಾಗಲಾ ತೆಗೀರಿ, ಹೊರಗ ಹೋಗಬೇಕ್ರಿ!"

"ನಾನೂ ಅದನ್ನ ಮಾಡಾಕತ್ತೀನಿ ತಾಯಿ! ಹುಲೆಪ್ಪ ಎಲ್ಲಿ?"

"ಪಾಳಿಗಿ ಹೋಗ್ಯಾರ."

"ಹ್ಯಾಂಡಲ್ ನಾನಾ ತಿರುವಲೇನು ಹಂಗಾದ್ರ? ನನ್ನ ಭುಜಾ ಹೋದ ವರ್ಷನ ಕಳಚ್ಯಾವ." ಅಷ್ಟರಲ್ಲಿ ಅವರ ಕಿವಿಗೆ ಸದ್ದು ಬಿತ್ತು. "ಏನದು, ಕುಕ್ಕರ್ ತಂದೇನು?"

ಮೆಟ್ಟಿಲ ಮೇಲಿದ್ದಾಗ ದೂರದ ಮಳೆಯ ಹಾಗಿದ್ದ ಸುಂಯ್ ಈಗ ಬಿರುಮಳೆಯಾಗಿತ್ತು. ಕಮಳಾಬಾಯಿ ಒಂದು ಪಟ್ಟಿಯ ಕೆಳಗೆ ಬಂದಳು, ಅದು ಕಿರುಚಿತು. ಎರಡು ಪಟ್ಟಿಗಳ ನಡುವೆ ಬಂದಳು, ಸ್ವಲ್ಪ ಇಳಿಯಿತು. ಮುಂದಿನದರ ಕೆಳಗೆ ಮತ್ತೆ ಕಿರುಚಿತು.

"ಆಯಿ, ಥಾಂಬ್, ನಿಲ್ಲು!" ಪಿಂಕಿ ರೇಡಿಯೋ ಕಸಿದುಕೊಂಡಳು. ಕಾರಿನ ಬಾನೆಟ್ಟಿಗೆ ಮೊಣಕಾಲು ಊರಿ ಮೇಲೆ ಎತ್ತಿ ಹಿಡಿದಳು. ಬೆಳಕಿಗೆ ಹತ್ತಿರವಾದಂತೆ ಅದು ಹಾವಿನ ಬುಟ್ಟಿ ತೆರೆದ ಹಾಗೆ ಬುಸುಗುಟ್ಟಿತು. ಕೆಳಗಿಳಿಸಿದಳು, ತಗ್ಗಿತು. "ರೇಡಿಯೋದ್ದಲ್ಲ ಆಯಿ. ಲೈಟಿಂದು! ಇದರೊಳಗ ಏನೋ ಸರ್ಕಿಟ್ ಇರತದ, ಹಲಕಾ ಮಾಲ್ ಇದ್ರ ಅದೂ ಒಂದು ಸ್ಟೇಷನ್ ಇದ್ದಂಗ ಒದರತದ. ನಮ್ಮ ಕಾಲೇಜಿನ ಲ್ಯಾಬಿನಾಗೂ ಹಿಂಗ ಆಗಿತ್ತು."

"ನನ್ನ ಗಾಡಿ ಮ್ಯಾಲಿಂದ ಇಳಿ ಮೊದಲ," ಎಂದರು ಶೇಠರು. ಆಮೇಲೆ ಕೈಯಲ್ಲಿನ ರಿಮೋಟನ್ನು ನೋಡಿದರು, ಮೇಲಿನ ಬೆಳಕನ್ನು ನೋಡಿದರು. "ಅಂದ್ರ... ಇದರ ಕೂಗೂ ಶಟರಿಗೆ ಕೇಳಸವಲ್ದೇನು?"

"ಸಂತೀ ಗದ್ದಲದಾಗ ಕರದ್ರ ಯಾರಿಗಿ ಕೇಳಸತದ ಕಾಕಾ?"

ಉಮಾಬಾಯಿ ಒಳಗಿನಿಂದ ಬಂದಿದ್ದರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹಗಲು ದೀಪವಿಲ್ಲ, ಶಟರು ತೆರೆಯುತ್ತದೆ. ಸಂಜೆ ದೀಪ ಮೊದಲು, ಶಟರು ಆಮೇಲೆ. ಇಷ್ಟು ದಿನ ಲಕ್ಷ್ಮಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ಅವಳಿಗೆಂದು ಹಚ್ಚಿದ ಬೆಳಕೇ.

"ವೈನಿ," ಎಂದಳು ಕಮಳಾಬಾಯಿ. "ಸುದ್ದಿ ಮುಗಿಯಾಕ ಬಂತ್ರಿ. ಆಮ್ಯಾಲೆ ನಮ್ಮಕ್ಕನ ಹಾಡ ಐತಿ. ಒಮ್ಮೆ ಹಚ್ತಾರ, ಮತ್ತ ಹಚ್ಚಂಗಿಲ್ಲ. ಅಕೀ ಎದರಿಗೆ ಯಾರ ಕುಂತಾರಂತ ನಾ ಕೇಳಬೇಕ್ರಿ. ಲೈಟ್ ಒಂದೀಟ..." ಅವಳು ಮಾತು ನುಂಗಿದಳು. ದೀಪದ ಹೊತ್ತಿನಲ್ಲಿ 'ಆರಿಸಿ' ಎಂದು ಒಬ್ಬ ಮುತ್ತೈದೆ ಇನ್ನೊಬ್ಬ ಮುತ್ತೈದೆಯ ಮನೆಯಲ್ಲಿ ಹೇಗೆ ಹೇಳುವುದು?

"ಆಗಂಗಿಲ್ಲ ಬಿಡು," ಎಂದರು ಶೇಠರು, ಮೆಲ್ಲಗೆ. "ಬೇಕಾದ್ದ ಕೇಳು. ಹಚ್ಚಿದ ದೀಪಾ ಈ ಹೊತ್ತಿನಾಗ ನಾ ಆರಸಂಗಿಲ್ಲ. ನನ್ನ ಅವ್ವಗ ಮಾತು ಕೊಟ್ಟೀನಿ."

ಉಮಾಬಾಯಿ ಒಳಗೆ ಹೋದರು. ಕಮಳಾಬಾಯಿ ಸೆರಗಿನ ತುದಿಯನ್ನು ಬೊಟ್ಟಿಗೆ ಸುತ್ತಿಕೊಂಡು ನಿಂತಳು. ಹೊಸಲಿನ ಆಚೆ ಬಳೆಗಳ ಸದ್ದಾಯಿತು. ಉಮಾಬಾಯಿ ದೇವರ ಮುಂದಿನ ಸಮೆಯನ್ನೇ ಎತ್ತಿಕೊಂಡು ಬಂದಿದ್ದರು, ಉರಿಗೆ ಅಂಗೈ ಅಡ್ಡ ಹಿಡಿದು. ಹೊಸಲಿನ ಮೇಲೆ ಇಟ್ಟರು. ಸೆರಗು ಸರಿಮಾಡಿಕೊಂಡರು.

"ದೀಪಾ ಇದು. ಇದು ಉರೀಲಿಕ್ಕತ್ತದ," ಎಂದರು. "ಮ್ಯಾಲಿಂದು ಲೈಟು. ಅಮೋಲ ಅಂಗಡ್ಯಾಗಿಂದ ತಂದದ್ದು. ಒತ್ತರಿ ಬಟನ್ನಾ."

"ಉಮಾ, ನೀನಾ ಹೇಳಿದ್ದಿಯಲ್ಲ, ಎಲ್ಲಾ ದೀಪಾ..."

"ನಾನಾ ಹೇಳಿದ್ದೆ, ನಾನಾ ಹೇಳಾಕತ್ತೀನಿ. ಲಕ್ಷ್ಮೀಗೆ ಸಮೀ ಸಾಕು. ಆಕೀಗೆ ಕಣ್ಣ ಕಾಣತಾವ."

ಶೇಠರು ಕಣ್ಣು ಮುಚ್ಚಿ, ತುಟಿಯಲ್ಲಿ ಏನೋ ಹೇಳಿಕೊಂಡು, ಬಟನ್ನು ಒತ್ತಿದರು.

ಬೆಳಕು ಹೋಯಿತು. ಅದರ ಜೊತೆಗೇ ಸುಂಯ್ ಹೋಯಿತು. ಮಳೆ ನಿಂತಾಗ ಇದ್ದಕ್ಕಿದ್ದ ಹಾಗೆ ಓಣಿಯ ಸದ್ದೆಲ್ಲ ಹತ್ತಿರ ಬರುತ್ತದಲ್ಲ, ಹಾಗೆ ಎಲ್ಲವೂ ಹತ್ತಿರ ಬಂದಿತು: ಸಮೆಯ ಬತ್ತಿಯ ಚಿಟಿಚಿಟಿ, ಯಾರದೋ ಸೈಕಲ್ಲಿನ ಗಂಟೆ, ಪಿಂಕಿಯ ಉಸಿರು. ಶೇಠರು ಕತ್ತಲಲ್ಲಿ ತಡವರಿಸಿ ರಿಮೋಟು ಒತ್ತಿದರು. ಶಟರು ಗೊರ್ರೆಂದು ಮೈಮುರಿದು ಮೇಲೇರಿತು. ಕೆಳಗಿನಿಂದ ಮೊದಲು ಒಂದು ಬೆರಳಗಲ ಸಂಜೆ ಒಳಗೆ ಬಂದಿತು, ಆಮೇಲೆ ಒಂದು ಗೇಣು, ಆಮೇಲೆ ಇಡೀ ಓಣಿಯ ನೇರಳೆ ಬಣ್ಣದ ಸಂಜೆ ಬಂದು ಕಾರಿನ ಸುತ್ತ ನಿಂತಿತು.

"ಬಾರವ್ವಾ ತಾಯಿ," ಎಂದರು ಉಮಾಬಾಯಿ, ಹೊರಗಿನ ಗಾಳಿಗೆ ಕೈಮುಗಿದು.

ಈಗ ಮೈದಾನಕ್ಕೆ ಹೋಗಬೇಕಾಗಿರಲಿಲ್ಲ. ಸುದ್ದಿ ಮುಗಿದಿತ್ತು. ಸ್ಟೇಷನ್ನು ಬಾವಿಯಿಂದ ಎದ್ದು, ಹಿಂದಿನ ಓಣಿ ದಾಟಿ, ಪಾರ್ಕಿಂಗಿನೊಳಗೇ ಬಂದಿತ್ತು. ಒಬ್ಬ ಹೆಣ್ಣುಮಗಳು ಸ್ಪಷ್ಟವಾಗಿ ಹೇಳಿದಳು: "ಈಗ ಬೀಸುವ ಕಲ್ಲಿನ ಪದಗಳು. ಹಾಡುತ್ತಾರೆ, ಅಕ್ಕಲಕೋಟದ ನೀಲಗಂಗಾ." ಮತ್ತೊಂದು ಹೆಸರು ಬರುತ್ತದೆಂದು ಕಮಳಾಬಾಯಿ ಕಾದಳು. ಬರಲಿಲ್ಲ. ಜೊತೆಗಾರ್ತಿಯ ಹೆಸರು ಹೇಳುವ ರೂಢಿ ಇಲ್ಲದಿರಬಹುದು.

ಕಲ್ಲು ತಿರುಗತೊಡಗಿತು. ಗರ್... ಗರ್... ಅವ್ವನ ಕಲ್ಲೇ ಅದು. ಒಂದು ಸುತ್ತಿಗೆ ಒಮ್ಮೆ ಕುಂಟುವ ಕಲ್ಲು. ನೀಲಗಂಗೆಯ ದನಿ, ಎಂದಿಗಿಂತ ಸ್ವಲ್ಪ ಒರಟು, ಸ್ವಲ್ಪ ದಣಿದದ್ದು:

ಕಲ್ಲು ಕಲ್ಲಿನ ನಡುವ ಬಿಳಿಜೋಳ ಹಾಕೀನ
ಎಲ್ಲಿಂದ ಬಂತ ತಂಗಾಳಿ, ತವರೂರ

ದನಿ ನಿಂತಿತು. ಕಮಳಾಬಾಯಿ ಕುತ್ತಿಗೆ ಮುಂದೆ ಚಾಚಿದಳು. ಈಗ ಬರುತ್ತದೆ, ಈಗ, ಆ ಇನ್ನೊಬ್ಬಳ ದನಿ.

ಬರಲಿಲ್ಲ.

"ಹೋತು!" ಎಂದಳು ಪಿಂಕಿ. "ಬ್ಯಾಟರಿ ಮುಗೀತೇನು?"

"ಶ್! ಕಲ್ಲ ತಿರುಗಾಕತ್ತೈತಿ ಕೇಳು."

ಕಲ್ಲು ತಿರುಗುತ್ತಿತ್ತು. ಗರ್... ಗರ್... ಒಂದು ಸಾಲು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಮಾತಿಲ್ಲದೆ. ಯಾರೂ ಇರಲಿಲ್ಲ ಅಲ್ಲಿ. ಒಂದೇ ಕೈಯ ಭಾರ ಗೂಟದ ಮೇಲಿದ್ದದ್ದು ಆ ಕುಂಟಿನಲ್ಲೇ ಕೇಳಿಸುತ್ತಿತ್ತು. ಆ ಕಡೆಯ ಮಣೆ ಖಾಲಿ. ನೀಲಗಂಗಾ ಜಾಗ ಬಿಟ್ಟುಕೊಂಡು, ಕಾಯುತ್ತ, ತಿರುವುತ್ತಿದ್ದಳು. ಬೆಳಕಿನ ಆ ಸುಂಯ್ ಇದ್ದಿದ್ದರೆ ಈ ಸುಮ್ಮನಿರುವಿಕೆ ಕೇಳಿಸುತ್ತಿರಲೇ ಇಲ್ಲ.

ಎರಡನೆಯ ಪದ ಎದ್ದಿತು:

ಹಿಟ್ಟಿನ ಧೂಳಾಗ ಮುಖವೆಲ್ಲ ಬೆಳ್ಳಗ
ಒಟ್ಟಿಗೆ ನಕ್ಕೇವ ನಾವಿಬ್ರು, ನಮ್ಮವ್ವ

ಮತ್ತೆ ಕಲ್ಲು. ಕಮಳಾಬಾಯಿ ಪಾರ್ಕಿಂಗಿನ ಫರಸಿಯ ಮೇಲೆ ಕೂತುಬಿಟ್ಟಳು, ರೇಡಿಯೋವನ್ನು ಎದುರಿಗಿಟ್ಟುಕೊಂಡು, ಒಂದು ಕಾಲು ಚಾಚಿ, ಒಂದು ಮಡಚಿ. ಅವಳ ಬಲಗೈ ತಾನೇ ಮುಂದೆ ಹೋಗಿ ಇಲ್ಲದ ಗೂಟವನ್ನು ಹಿಡಿಯಿತು. ಅವಳ ಗಂಟಲಿನಿಂದ ಸಾಲು ಬಂದಿತು, ಸ್ವಲ್ಪ ತಡ, ಸ್ವಲ್ಪ ಸೊಟ್ಟ:

ಸಿಟ್ಟೀಲೆ ಬೈದು ತಾ ನಕ್ಕಾಳ

ಅವಳು ಮುಗಿಸಿದ ಕೂಡಲೇ, ಎದುರಿನಿಂದ ಕೇಳಿಸಿಕೊಂಡವಳ ಹಾಗೆ, ನೀಲಗಂಗಾ ಮುಂದಿನದನ್ನು ಎತ್ತಿದಳು. ಪಿಂಕಿ ಬಾಯಿ ತೆರೆದು ನೋಡುತ್ತಿದ್ದಳು. ಅವ್ವನಿಗೆ ಈ ದನಿ ಇತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಶೇಠರು ಕಾರಿಗೆ ಒರಗಿ ನಿಂತಿದ್ದರು, ರಿಮೋಟು ಎದೆಗೆ ಹಿಡಿದು.

ಹತ್ತು ಮಂದಿಯ ಮನಿಗೆ ಹೆಡಗಿ ತುಂಬಾ ಹಿಟ್ಟ
ಎತ್ತಿ ಒಯ್ದಾಳ ಹಿರಿಮಗಳ, ಕಿರಿಮಗಳ

ಈ ಪದದ ಮೂರನೆಯ ಸಾಲು ಎಲ್ಲಕ್ಕಿಂತ ಉದ್ದ. ಕಮಳಾಬಾಯಿ ಉಸಿರು ತುಂಬಿಕೊಂಡಳು:

ಮುತ್ತಿನ ದನಿಯ ತೌರೀಗೆ ಬಿಟ್ಟಾಳ, ದನಿ ಹಿಂದಿಂದ...

ಅಲ್ಲಿ ಉಸಿರು ಸಾಲಲಿಲ್ಲ. ಮುಂದಿನ ಪದ ಎದ್ದೇಬಿಟ್ಟೀತೆಂದು ಹೆದರಿದಳು. ಆದರೆ ರೇಡಿಯೋದಲ್ಲಿ ಕಲ್ಲು ನಿಧಾನವಾಯಿತು. ಗರ್... ಮತ್ತೆ ಬಹಳ ಹೊತ್ತಿಗೆ ಇನ್ನೊಂದು ಗರ್... ತೂಕಡಿಸುವ ಮಗುವಿನ ತೊಟ್ಟಿಲು ತೂಗಿದ ಹಾಗೆ. ಅವಳು ಮತ್ತೊಮ್ಮೆ ಉಸಿರೆಳೆದುಕೊಂಡಳು.

...ದನಿ ಹಿಂದಿಂದ ತಾ ನಡೆದಾಳ

ಎಷ್ಟು ಪದಗಳಾದವೋ. ಹೊರಗೆ ಓಣಿ ಕರಗುತ್ತಿತ್ತು. ಸಮೆಯ ಬೆಳಕು ಕಾರಿನ ಬಾಗಿಲಲ್ಲಿ ಸಣ್ಣ ಹೂವಾಗಿ ಅರಳಿತ್ತು. ದಾರಿಯಲ್ಲಿ ಹೋಗುವ ಒಬ್ಬಿಬ್ಬರು ತೆರೆದ ಶಟರಿನ ಮುಂದೆ ನಿಂತು, ರೇಡಿಯೋದಲ್ಲಿ ಇಬ್ಬರು ಹಾಡುತ್ತಿದ್ದಾರೆಂದುಕೊಂಡು, ಕೇಳಿ ಮುಂದೆ ಹೋದರು.

ಹಾಡು ಮುಗಿದು ಮಾತಿನವಳು ಬಂದಾಗ ಕಮಳಾಬಾಯಿ ರೇಡಿಯೋ ಬಂದ್ ಮಾಡಿದಳು. ಉಮಾಬಾಯಿ ಒಂದು ಲೋಟ ನೀರು ತಂದುಕೊಟ್ಟರು.

"ಪಿಂಕಿ, ದೊಡ್ಡವ್ವನ ನಂಬರ್ ಹಚ್ಚು."

"ಆತ್ತಾ? ಈಗ?"

"ಮತ್ಯಾವಾಗ? ಹಚ್ಚು."

ಫೋನು ಒಮ್ಮೆ ಬಾರಿಸುವಷ್ಟರಲ್ಲಿ ಆ ಕಡೆ ಎತ್ತಿದರು. ಹಲೋ ಎನ್ನಲಿಲ್ಲ. ಕಮಳಾಬಾಯಿಯೂ ಅನ್ನಲಿಲ್ಲ.

"ಕಮಳೀ," ಎಂದಿತು ಅಕ್ಕಲಕೋಟದ ದನಿ, "ಉಸಿರು ಸಾಕಾತೇನ?"

"ಮುತ್ತಿನ ದನಿಗೆ ಸಾಲಲಿಲ್ಲ ಅಕ್ಕಾ."

"ಗೊತ್ತಿತ್ತು ನನಗ. ಸಣ್ಣಾಕಿ ಇದ್ದಾಗಿಂದ ಅಲ್ಲೇ ನಿಲ್ಲತಿ. ಅದಕ್ಕ ಅಲ್ಲಿ ಸಾವಕಾಶ ತಿರುವೀನಿ."